ಕೈಕಾಲು ನೆಟ್ಟಗಿರುವವರ ಅರ್ಜಿ



"ಕೈಕಾಲ ನೆಟ್ಟಗವ, ಕಣ್ಣ ಕಾಣಸ್ತಾವ, ಇವಗ್ಯಾತರ ಪಗಾರ?"

ಬೀದರ, ಭಾಲ್ಕಿ, ಔರಾದ ಕಡೆ ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬೀಳುತ್ತದೆ. ಅಂಗವಿಕಲರ ಮಾಸಾಶನಕ್ಕೆ ನಮ್ಮ ಜನ ಪಗಾರ ಎನ್ನುತ್ತಾರೆ. ಕಾಲಿಲ್ಲದವರಿಗೆ, ಕಣ್ಣಿಲ್ಲದವರಿಗೆ ಪಗಾರ ಬಂದರೆ ಯಾರದೂ ತಕರಾರಿಲ್ಲ. ಅದೇ ಒಬ್ಬ ಹುಡುಗ ರಾತ್ರಿಯಿಡೀ ಯಾರದೋ ದನಿ ಕೇಳುತ್ತಾ ನಿದ್ದೆಗೆಟ್ಟು ಕೂತಿರುತ್ತಾನೆ, ವರ್ಷಗಟ್ಟಲೆ ಕೆಲಸಕ್ಕೆ ಹೋಗಿಲ್ಲ, ಅಣ್ಣತಮ್ಮಂದಿರನ್ನೇ ವೈರಿಗಳೆಂದು ತಿಳಿದು ಅವರ ಕೈಯ ಊಟ ಬಿಟ್ಟಿದ್ದಾನೆ. ಅವನಿಗೆ ಪಗಾರ ಎಂದರೆ ಮಾತ್ರ ಎಲ್ಲರಿಗೂ ಸಂಶಯ. ಊರವರ ಮಾತು ಬಿಡಿ, ಎಷ್ಟೋ ಮನೆಗಳಲ್ಲಿ ತಂದೆತಾಯಿಯೇ, "ಇಂಥಾದ್ದಕ್ಕೂ ಸರ್ಕಾರ ಕೊಡ್ತದೇನ್ರಿ?" ಎಂದು ನನ್ನನ್ನು ಕೇಳಿದ್ದಾರೆ.

ಕೊಡುತ್ತದೆ. ಮನಸ್ಸಿನ ಕಾಯಿಲೆ ಇರುವವರ ಮನೆಗಳಿಗೆ ಹೋಗಿಬಂದು ಕೆಲಸ ಮಾಡುವ ಸಮಾಜ ಕಾರ್ಯಕರ್ತೆ ನಾನು. ಆ ಮನೆಗಳಲ್ಲಿ ಅರ್ಜಿ ಎಲ್ಲಿ ನಿಂತುಹೋಗುತ್ತದೆ, ಯಾಕೆ ನಿಂತುಹೋಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಇವತ್ತು ಅದನ್ನೇ ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಕಟ್ಟೆಯ ಮೇಲಿನ ಪ್ರಶ್ನೆಗೆ ಕಾನೂನು ಉತ್ತರ ಕೊಟ್ಟು ಬಹಳ ವರ್ಷಗಳಾದವು. 1995ರ ಅಂಗವಿಕಲರ ಕಾಯ್ದೆ 7 ಬಗೆಯ ಅಂಗವಿಕಲತೆಗಳನ್ನು ಗುರುತಿಸಿತ್ತು. ಅವುಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. 2006ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು, ಮರುವರ್ಷವೇ ಭಾರತ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ತಕ್ಕಂತೆ ಬಂದದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಈಗ ಪಟ್ಟಿಯಲ್ಲಿರುವುದು 21 ಬಗೆ. ಯೋಚನೆ, ಭಾವನೆ, ಗ್ರಹಿಕೆ, ನೆನಪು ಇವು ಗಂಭೀರವಾಗಿ ಕೆಟ್ಟು, ಯಾವುದು ನಿಜ ಯಾವುದು ಸುಳ್ಳೆಂದು ತಿಳಿಯದಂತಾದರೆ, ದಿನನಿತ್ಯದ ಬದುಕನ್ನು ನಿಭಾಯಿಸಲು ಆಗದಂತಾದರೆ ಅದು ಅಂಗವಿಕಲತೆಯೇ ಎಂದು ಕಾಯ್ದೆ ಹೇಳುತ್ತದೆ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆ, ವರ್ಷಗಟ್ಟಲೆ ಬಿಡದ ತೀವ್ರ ಖಿನ್ನತೆ, ತೊಳೆದದ್ದನ್ನೇ ತೊಳೆಯುತ್ತ ಇಡೀ ದಿನ ಬಚ್ಚಲಲ್ಲೇ ಕಳೆಯುವಂತೆ ಮಾಡುವ ಗೀಳು, ಇವೆಲ್ಲ ಇದರೊಳಗೆ ಬರಬಹುದು. ಬರಬಹುದು ಎಂದೆ. ಏಕೆಂದರೆ ಕಾಯಿಲೆಯ ಹೆಸರೊಂದರಿಂದಲೇ ಪಗಾರ ಸಿಗುವುದಿಲ್ಲ. ಆ ಕಾಯಿಲೆಯಿಂದ ಆ ಮನುಷ್ಯನ ಬದುಕು ಎಷ್ಟು ಕುಂಠಿತವಾಗಿದೆ ಎಂಬುದನ್ನು ಅಳೆಯುತ್ತಾರೆ. ಅಳತೆ ಶೇಕಡಾ 40 ಮುಟ್ಟಿದರೆ ಸೌಲಭ್ಯದ ಬಾಗಿಲು ತೆರೆಯುತ್ತದೆ.

ಮನಸ್ಸನ್ನು ಅಳೆಯುವುದು ಹೇಗೆ? ಜ್ವರಕ್ಕೆ ಥರ್ಮಾಮೀಟರ್ ಇದ್ದ ಹಾಗೆ ಇದಕ್ಕೆ ಯಂತ್ರವಿಲ್ಲ. ರಕ್ತ ಪರೀಕ್ಷೆಯಲ್ಲಿ ಬರುವುದಿಲ್ಲ, ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ಅದಕ್ಕೇ ಭಾರತೀಯ ಮನೋವೈದ್ಯರ ಸಂಘದವರು ನಮ್ಮ ದೇಶದ ಕುಟುಂಬಗಳಿಗೆ ಹೊಂದುವ ಒಂದು ಅಳತೆಗೋಲು ಸಿದ್ಧಪಡಿಸಿದರು. ಅದರ ಹೆಸರು ಐಡಿಯಾಸ್. 2002ರಲ್ಲಿ ಕೇಂದ್ರ ಸರ್ಕಾರ ಅದನ್ನು ಅಧಿಸೂಚನೆಯಲ್ಲಿ ಸೇರಿಸಿತು, 2018ರ ಮಾರ್ಗಸೂಚಿಯೂ ಅದನ್ನೇ ಉಳಿಸಿಕೊಂಡಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಗಮನವಿಟ್ಟು ಕೇಳಿ. ಅರ್ಧಕ್ಕರ್ಧ ಅರ್ಜಿಗಳು ಸೋಲುವುದು ಇದು ಗೊತ್ತಿಲ್ಲದ್ದಕ್ಕೆ ಎಂಬುದು ನನ್ನ ಅನಿಸಿಕೆ.

ಅಳತೆಗೋಲಿನಲ್ಲಿ ನಾಲ್ಕು ವಿಷಯಗಳಿವೆ. ತನ್ನ ದೇಹದ ಕಾಳಜಿ ತಾನು ಮಾಡಿಕೊಳ್ಳುತ್ತಾನೆಯೇ, ಅಂದರೆ ಸ್ನಾನ, ಬಟ್ಟೆ, ಊಟ, ಗುಳಿಗೆ. ಮನೆಯವರ ಜೊತೆ, ಹೊರಗಿನವರ ಜೊತೆ ಸಂಬಂಧ ಹೇಗಿದೆ. ಹೇಳಿದ್ದನ್ನು ತಿಳಿದುಕೊಂಡು ತನ್ನ ಮಾತನ್ನು ಹೇಳಬಲ್ಲನೇ. ಕೆಲಸ ಮಾಡುತ್ತಾನೆಯೇ, ಅದು ಹೊಲವಾಗಲಿ, ಮನೆಗೆಲಸವಾಗಲಿ, ಓದಾಗಲಿ. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ. ತೊಂದರೆಯೇ ಇಲ್ಲದಿದ್ದರೆ 0, ಪೂರ್ತಿ ಕೈಲಾಗದಿದ್ದರೆ 4. ಈ ನಾಲ್ಕನ್ನು ಕೂಡಿಸಿ, ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದಕ್ಕೆ 1ರಿಂದ 4ರವರೆಗೆ ಮತ್ತೆ ಅಂಕ ಸೇರಿಸುತ್ತಾರೆ. ಎಲ್ಲ ಸೇರಿ 20. ಮೊತ್ತ 6 ಅಥವಾ ಅದಕ್ಕಿಂತ ಕಡಿಮೆ ಬಂದರೆ ಶೇಕಡಾ 40ರ ಒಳಗೆ, 7ರಿಂದ 13 ಬಂದರೆ ಶೇಕಡಾ 40ರಿಂದ 70, 14ರಿಂದ 19 ಬಂದರೆ ಶೇಕಡಾ 71ರಿಂದ 99, ಪೂರ್ತಿ 20 ಬಂದರೆ ನೂರಕ್ಕೆ ನೂರು.

ಈಗ ಔರಾದ ತಾಲೂಕಿನ ಒಂದು ಹಳ್ಳಿಯ ತಾಯಿ ಮಗನ ವಿಷಯ ಹೇಳುತ್ತೇನೆ. ಹೆಸರು ಬೇಡ. ವೈದ್ಯಕೀಯ ಮಂಡಳಿಯ ಮುಂದೆ ನಾನೂ ಅವರ ಜೊತೆ ಇದ್ದೆ. ಹಿಂದಿನ ಸಂಜೆಯೇ ಮಗನಿಗೆ ಗಡ್ಡ ತೆಗೆಸಿ, ಕೂದಲು ಕತ್ತರಿಸಿ, ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ತಮ್ಮನ ಮದುವೆಗೆ ಹೊಲಿಸಿದ್ದ ಅಂಗಿ ಹಾಕಿಸಿ ಕರೆತಂದಿದ್ದಳು ತಾಯಿ. ಡಾಕ್ಟರು ಕೇಳಿದರು:

"ಸ್ನಾನ ಮಾಡ್ತಾನೇನಮ್ಮಾ?"

"ಮಾಡ್ತಾನ್ರಿ ಸಾಹೇಬ್ರ."

"ಹೊಲಕ್ಕೆ ಹೋಗ್ತಾನಾ?"

"ಹೋಗ್ತಾನ್ರಿ."

"ಮನೆಯವರ ಜೊತೆ ಮಾತಾಡ್ತಾನಾ?"

"ಆಡ್ತಾನ್ರಿ, ಭಾಳ ಛಲೋ ಇದ್ದಾನ ನನ ಮಗ."

ಹೊರಗೆ ಬಂದ ಮೇಲೆ ಆಕೆಯನ್ನು ಪಕ್ಕಕ್ಕೆ ಕರೆದು, "ಅವ್ವಾ, ಸ್ನಾನ ತಾನಾಗೇ ಮಾಡ್ತಾನೇನು?" ಎಂದು ಕೇಳಿದೆ. "ಎಲ್ಲೀದವ್ವ! ನಾ ಕೈ ಹಿಡದು ಬಚ್ಚಲಕ ಕರಕೊಂಡು ಹೋಗಿ ನೀರ ಹಾಕಬೇಕು. ಇಲ್ಲಾಂದ್ರ ಹದಿನೈದು ದಿನ ಆದ್ರೂ ನೀರ ಮುಟ್ಟಂಗಿಲ್ಲ." ಹೊಲಕ್ಕೆ ಹೋಗಿ ಏನು ಮಾಡುತ್ತಾನೆ ಎಂದೆ. "ಬದುವಿನ ಮ್ಯಾಲ ಕುಂದ್ರತಾನ. ಸೋಯಾ ರಾಶಿ ನಡದಿದ್ರೂ ಅಷ್ಟ. ಹೊತ್ತ ಮುಳುಗಿದ ಮ್ಯಾಲ ನಾ ಹೋಗಿ ಎಬ್ಬಿಸಿ ಕರಕೊಂಡ ಬರಬೇಕು." ಮಾತು? "ಆಡ್ತಾನ, ತನ್ನಷ್ಟಕ್ಕ ತಾನ. ನಮ್ಮ ಜೋಡಿ ಅಲ್ಲ." ಹಾಗಿದ್ದರೆ ಒಳಗೆ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದರೆ ಆಕೆ ಕೊಟ್ಟ ಉತ್ತರ ಇದು: "ಅಷ್ಟ ಮಂದಿ ಮುಂದ ಮಗನ ಮರ್ಯಾದಿ ಹ್ಯಾಂಗ ತಗೀಲವ್ವ?"

ಆಕೆ ಹೇಳಿದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಸ್ನಾನವೂ ನಡೆಯುತ್ತದೆ, ಹೊಲಕ್ಕೂ ಹೋಗುತ್ತಾನೆ. ಆದರೆ ಅಳತೆಗೋಲಿನ ಲೆಕ್ಕದಲ್ಲಿ ನೋಡಿ. ಆಕೆ ಹೇಳಿದ ಪ್ರಕಾರವೇ ಅಂಕ ಹಾಕಿದರೆ ದೇಹದ ಕಾಳಜಿಗೆ 0, ಸಂಬಂಧಕ್ಕೆ 1, ಮಾತಿಗೆ 0, ಕೆಲಸಕ್ಕೆ ಬಹಳವಾದರೆ 2. ಕೂಡಿದರೆ 3. ಕಾಯಿಲೆ ಹಳೆಯದು, ಅದಕ್ಕೆ 3 ಸೇರಿಸಿದರೂ ಆಗುವುದು 6. ಶೇಕಡಾ 40ಕ್ಕೆ ಒಂದೇ ಒಂದು ಅಂಕ ಕಡಿಮೆ. ಅಲ್ಲಿಗೆ ಅರ್ಜಿ ಮುಗಿಯಿತು. ಹೊರಗೆ ಬಂದು ನನಗೆ ಹೇಳಿದ್ದನ್ನು ಒಳಗೇ ಹೇಳಿದ್ದರೆ ದೇಹದ ಕಾಳಜಿಗೆ 2, ಸಂಬಂಧಕ್ಕೆ 2, ಮಾತಿಗೆ 2, ಕೆಲಸಕ್ಕೆ 3. ಅದು 9, ಅವಧಿಯ 3 ಸೇರಿ 12. ಹುಡುಗ ಅವನೇ, ಕಾಯಿಲೆ ಅದೇ, ತಾಯಿಯೂ ಅವಳೇ. ನಾವು ಮತ್ತೆ ಒಳಗೆ ಹೋಗಿ ಕೇಳಿಕೊಂಡೆವು. ಡಾಕ್ಟರು ಒಳ್ಳೆಯವರು, ಉಳಿದವರನ್ನು ಹೊರಗೆ ಕಳಿಸಿ ತಾಯಿಯನ್ನು ಹತ್ತಿರ ಕೂಡಿಸಿಕೊಂಡು, ಒಂದೊಂದಾಗಿ ಇನ್ನೊಮ್ಮೆ ಕೇಳಿದರು. ಈ ಸಲ ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಎಲ್ಲವನ್ನೂ ಹೇಳಿದಳು.

ಎಲ್ಲ ಕಡೆ ಎರಡನೇ ಅವಕಾಶ ಸಿಗುವುದಿಲ್ಲ. ಆದ್ದರಿಂದ ಮಂಡಳಿಯ ಮುಂದೆ ಹೋಗುವ ಮನೆಯವರಿಗೆ ನಾನು ಹೇಳುವುದು ಇಷ್ಟೆ: ಅವತ್ತಿನ ಒಂದು ದಿನದ ಮಾತು ಬಿಡಿ, ಹೋದ ಎರಡು ವರ್ಷದ ಸಾಮಾನ್ಯ ದಿನಗಳನ್ನು ಹೇಳಿ. ತಾನಾಗೇ ಏನು ಮಾಡುತ್ತಾನೆ, ನೀವು ಬೆನ್ನು ಹತ್ತಿದರೆ ಏನು ಮಾಡುತ್ತಾನೆ, ಏನು ಮಾಡಿದರೂ ಯಾವುದನ್ನು ಮಾಡುವುದಿಲ್ಲ, ಇವು ಮೂರೂ ಬೇರೆ ಬೇರೆ. ಬೆನ್ನು ಹತ್ತಬೇಕಾಗುತ್ತದೆ ಎಂಬುದೇ ಅಂಗವಿಕಲತೆಯ ಪುರಾವೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಕೈಯಿಂದ ಒಂದು ನೋಟುಬುಕ್ಕಿನಲ್ಲಿ ಬರೆಸಿಡಿ. ಯಾವ ತಿಂಗಳು ಮನೆ ಬಿಟ್ಟು ಹೋಗಿದ್ದ, ಎಲ್ಲಿ ಸಿಕ್ಕ, ಯಾವಾಗ ಗುಳಿಗೆ ಉಗುಳಿದ, ಎಷ್ಟು ದಿನ ಮಲಗಲಿಲ್ಲ. ಮನೆಯಲ್ಲಿ ಹೆಚ್ಚು ಹೊತ್ತು ಅವರ ಜೊತೆ ಇರುವವರೇ ಬನ್ನಿ. ಎಷ್ಟೋ ಸಲ ಮಾತು ಬಲ್ಲವನೆಂದು ಊರಿನ ಗಣ್ಯರನ್ನೋ ಪಟ್ಟಣದಲ್ಲಿರುವ ಅಣ್ಣನನ್ನೋ ಕರೆತರುತ್ತಾರೆ. ಅವರಿಗೆ ಬಚ್ಚಲ ಕಥೆ ಗೊತ್ತಿರುವುದಿಲ್ಲ. ಹೆಂಡತಿಗೆ, ತಾಯಿಗೆ, ಅಕ್ಕತಂಗಿಯರಿಗೆ ಗೊತ್ತಿರುತ್ತದೆ. ಹಾಗೆಂದು ಇಲ್ಲದ್ದನ್ನು ಸೇರಿಸಿ ಹೇಳಲು ಹೋಗಬೇಡಿ. ಅನುಭವಿ ವೈದ್ಯರಿಗೆ ಅದು ತಿಳಿಯುತ್ತದೆ, ನಿಮ್ಮ ನಿಜವಾದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಈ ಮುಚ್ಚಿಡುವ ಅಭ್ಯಾಸ ನಮ್ಮ ಜಿಲ್ಲೆಯದಷ್ಟೇ ಅಲ್ಲ. 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಮಾನಸಿಕ ಕಾಯಿಲೆಯ ಅಂಗವಿಕಲರು ಎಂದು ಬರೆಸಿಕೊಂಡವರು 7 ಲಕ್ಷ 22 ಸಾವಿರ ಚಿಲ್ಲರೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನೂರು ಮಂದಿ ವಯಸ್ಕರಲ್ಲಿ ಸುಮಾರು ಇಬ್ಬರು ಬದುಕಿನಲ್ಲಿ ಒಮ್ಮೆಯಾದರೂ ತೀವ್ರ ಮಾನಸಿಕ ಕಾಯಿಲೆಗೆ ಸಿಕ್ಕವರು. ಎಲ್ಲರೂ ಅಂಗವಿಕಲರಾಗುವುದಿಲ್ಲ ನಿಜ. ಆದರೂ ಇವೆರಡು ಲೆಕ್ಕಗಳ ನಡುವಿನ ಅಂತರ ನೋಡಿದರೆ, ಗಣತಿಯವರು ಹೊಸ್ತಿಲಿಗೆ ಬಂದು ನಿಂತಾಗಲೂ ಎಷ್ಟು ಮನೆಗಳು ಬಾಯಿ ಬಿಡಲಿಲ್ಲ ಎಂಬುದು ತಿಳಿಯುತ್ತದೆ. ಹೇಳಿದರೆ ಮಗಳಿಗೆ ಸಂಬಂಧ ಬರುವುದಿಲ್ಲ, ಬೀಗರು ಏನೆಂದಾರು ಎಂಬ ಭಯ. ಈ ಭಯವನ್ನು ನಾನು ಹಗುರ ಮಾಡುವುದಿಲ್ಲ, ಅದಕ್ಕೆ ಕಾರಣವಿದೆ. ಆದರೆ ಪ್ರಮಾಣಪತ್ರ ಊರ ಚಾವಡಿಯಲ್ಲಿ ಅಂಟಿಸುವ ಕಾಗದವಲ್ಲ. ರೋಗಿಯ ಕಾಯಿಲೆಯ ವಿವರ ಗುಟ್ಟಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು.

ಇನ್ನು ಕಾಗದಪತ್ರದ ಮಾತು. ನಮ್ಮದು ಗಡಿ ಜಿಲ್ಲೆ, 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದ ಸೀಮೆ. ತಲೆಯ ಕಾಯಿಲೆ ಎಂದರೆ ಹೈದರಾಬಾದಿನ ಎರ್ರಗಡ್ಡ ಆಸ್ಪತ್ರೆ ಎಂಬುದು ಹಿರಿಯರ ಬಾಯಲ್ಲಿ ಈಗಲೂ ಉಳಿದಿದೆ. ಔರಾದ, ಕಮಲನಗರದವರಿಗೆ ಮಹಾರಾಷ್ಟ್ರದ ಉದಗೀರ ಹತ್ತಿರ. ಲಾತೂರು, ನಾಂದೇಡಕ್ಕೂ ಹೋಗುತ್ತಾರೆ. ಹೀಗಾಗಿ ಒಬ್ಬನೇ ರೋಗಿಗೆ ಮೂರು ರಾಜ್ಯದ ಡಾಕ್ಟರ ಚೀಟಿಗಳಿರುತ್ತವೆ, ಅಥವಾ ಒಂದೂ ಇರುವುದಿಲ್ಲ. ಗುಳಿಗೆ ಮುಗಿದ ಮೇಲೆ ಚೀಟಿ ಬಿಸಾಡುವವರೇ ಹೆಚ್ಚು. ಮಂಡಳಿಯವರು ಕಾಯಿಲೆ ಎಷ್ಟು ವರ್ಷದ್ದು ಎಂದು ಕೇಳಿದಾಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಹಳೆಯ ಚೀಟಿ ಮರಾಠಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಮಡಿಕೆಯಲ್ಲಿ ಹರಿದಿರಲಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿಡಿ. ಖಾಲಿಯಾದ ಗುಳಿಗೆ ಪಟ್ಟಿಯ ಹಿಂದೆ ತಾರೀಖು ಬರೆದಿಟ್ಟರೆ ಅದೂ ಒಂದು ದಾಖಲೆ.

ದೇವರು ದಿಂಡರ ಮಾತನ್ನೂ ಇಲ್ಲೇ ಹೇಳಬೇಕು. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿಗೆ, ಅಷ್ಟೂರಿನ ದರ್ಗಾಕ್ಕೆ ಹರಕೆ ಹೊತ್ತು ಹೋಗುವವರನ್ನು ನಾನು ತಡೆಯುವವಳಲ್ಲ. ಆ ಅಂಗಳಗಳಲ್ಲಿ ತಾಯಂದಿರಿಗೆ ಒಂದಷ್ಟು ಸಮಾಧಾನ ಸಿಗುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಭಾನಾಮತಿ ಎಂದು ಹೇಳಿ ಹೊಡೆಯುವವರ, ಸರಪಳಿ ಹಾಕುವವರ ಕೈಗೆ ಮಕ್ಕಳನ್ನು ಕೊಡಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಒಂದು ಖಾಸಗಿ ಆಶ್ರಯದ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಎದ್ದು ಓಡಲಾಗದೆ ಸತ್ತರು, 28 ಮಂದಿ. ಹರಕೆ ತೀರಿಸಿ ಬನ್ನಿ, ಗುಳಿಗೆ ಮಾತ್ರ ಒಂದು ದಿನವೂ ತಪ್ಪದಿರಲಿ.

ಚಿಕಿತ್ಸೆಗೆ ದೂರ ಹೋಗಬೇಕಾಗಿಯೂ ಇಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ವ್ಯವಸ್ಥೆ ಇದೆ. ಇಡೀ ದೇಶಕ್ಕೆ ಇದರ ಮಾದರಿ ಹುಟ್ಟಿದ್ದು ನಮ್ಮದೇ ರಾಜ್ಯದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್ ವೈದ್ಯರ ಕೈಯಲ್ಲಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಮಾಡಲಾಗಿದೆ. ಭಾಲ್ಕಿಯಾಗಲಿ ಔರಾದಾಗಲಿ, ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ಕೇಳಿಕೊಳ್ಳಿ. ಬೀದರ ನಗರದಲ್ಲಿ ಬ್ರಿಮ್ಸ್ ಆಸ್ಪತ್ರೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳು ತಿಂಗಳು ತೋರಿಸಿಕೊಂಡರೆ ಗುಳಿಗೆ ಉಚಿತ, ಅದರ ಜೊತೆಗೆ ದಾಖಲೆಯೂ ತಾನಾಗಿ ಬೆಳೆಯುತ್ತದೆ. ರಾತ್ರಿ ಹೊತ್ತಿನಲ್ಲಿ ಏನೂ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ನಡೆದಿದೆ, ಕಾಸಿಲ್ಲ. ಮನೆಯಲ್ಲಿ ಮರಾಠಿಯನ್ನೋ ಉರ್ದುವನ್ನೋ ಆಡುವವರೂ ತಮ್ಮ ಭಾಷೆಯಲ್ಲೇ ಕೇಳಬಹುದು.

ಅರ್ಜಿ ಹಾಕುವುದು ಈಗ ಕಂಪ್ಯೂಟರಿನಲ್ಲಿ. 2021ರ ಜೂನ್ 1ರಿಂದ ಅಂಗವಿಕಲರ ಪ್ರಮಾಣಪತ್ರವನ್ನು ಯುಡಿಐಡಿ ಎಂಬ ಜಾಲತಾಣದ ಮೂಲಕವೇ ಕೊಡಬೇಕು, ಕೈಬರಹದ ಪತ್ರ ನಡೆಯುವುದಿಲ್ಲ. ಆಧಾರ್, ಫೋಟೋ, ವಿಳಾಸದ ದಾಖಲೆ, ನಡೆಯುತ್ತಿರುವ ಫೋನ್ ನಂಬರು ಬೇಕು. ಗ್ರಾಮ ಒನ್ ಕೇಂದ್ರದಲ್ಲಿ ಹಾಕಿಸಬಹುದು. ಅದಕ್ಕಿಂತ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ವಿಆರ್‌ಡಬ್ಲ್ಯು ಎಂದರೆ ಪಂಚಾಯಿತಿಯಲ್ಲಿ ಎಲ್ಲರಿಗೂ ಗೊತ್ತು. ತಾಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು ಇರುತ್ತಾರೆ, ನಗರದಲ್ಲಿ ಯುಆರ್‌ಡಬ್ಲ್ಯು. ಇವರೂ ಹೆಚ್ಚಾಗಿ ಅಂಗವಿಕಲರೇ, ಸಣ್ಣ ಗೌರವಧನಕ್ಕೆ ಊರೂರು ಅಲೆಯುವವರು. ಇವರಿರುವಾಗ ದಲ್ಲಾಳಿಗೆ ದುಡ್ಡು ಕೊಡಬೇಕಾಗಿಲ್ಲ. ಅರ್ಜಿಯಲ್ಲಿ ಬೌದ್ಧಿಕ ಅಂಗವಿಕಲತೆ ಒಂದು ಸಾಲು, ಮಾನಸಿಕ ಕಾಯಿಲೆ ಇನ್ನೊಂದು ಸಾಲು. ಹುಟ್ಟಿನಿಂದ ಬುದ್ಧಿ ಬೆಳವಣಿಗೆ ಕಡಿಮೆ ಇರುವುದು ಬೇರೆ, ಚೆನ್ನಾಗಿದ್ದವರಿಗೆ ಹರೆಯದಲ್ಲಿ ಬಂದ ಕಾಯಿಲೆ ಬೇರೆ. ಅವಸರದಲ್ಲಿ ತಪ್ಪು ಸಾಲು ಒತ್ತಿದರೆ ಹೋಗಬೇಕಾದ ಡಾಕ್ಟರೇ ಬೇರೆಯಾಗುತ್ತಾರೆ. ಒತ್ತುವ ಮುಂಚೆ ಓದಿ ಹೇಳೆಂದು ಕೇಳಿ. ಹೆಸರುಗಳ ತೊಡಕು ನಮ್ಮ ಕಡೆ ಇನ್ನೂ ಹೆಚ್ಚು. ಆಧಾರಿನಲ್ಲಿ ಲಕ್ಷ್ಮೀಬಾಯಿ, ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಗಂಡನ ಮನೆಯ ಅಡ್ಡಹೆಸರು. ಮೊದಲು ಅದನ್ನು ಒಂದು ಮಾಡಿಸಿಕೊಳ್ಳಿ.

ರೋಗಿಯೇ ಅರ್ಜಿ ಹಾಕುವ ಸ್ಥಿತಿಯಲ್ಲಿಲ್ಲದಿದ್ದರೆ ಪೋಷಕರು ಹಾಕಬಹುದು, ಅವರನ್ನು ನೋಡಿಕೊಳ್ಳುತ್ತಿರುವ ನೋಂದಾಯಿತ ಸಂಸ್ಥೆಯೂ ಹಾಕಬಹುದು. ಆದರೆ ಪರೀಕ್ಷೆಯ ದಿನ ರೋಗಿ ಬರಲೇಬೇಕು. ಔರಾದಿನಿಂದ ಬೀದರಿಗೆ ಬಸ್ಸು ಹತ್ತಿಸುವುದೇ ಕೆಲವು ಮನೆಗಳಿಗೆ ದೊಡ್ಡ ಪರೀಕ್ಷೆ. ತನ್ನನ್ನು ಎಲ್ಲಿಗೋ ಬಿಟ್ಟು ಬರುತ್ತಾರೆ ಎಂದು ಹೆದರಿದವನು ನಡುದಾರಿಯಲ್ಲಿ ಇಳಿದುಬಿಡುತ್ತಾನೆ. ಸುಳ್ಳು ಹೇಳಿ ಕರೆತರಬೇಡಿ. ಎಲ್ಲಿಗೆ ಹೋಗುತ್ತಿದ್ದೇವೆ, ಯಾಕೆ ಹೋಗುತ್ತಿದ್ದೇವೆ ಎಂದು ಎರಡು ದಿನ ಮೊದಲೇ ಹೇಳಿ. ಅವನ ಮಾತು ಕೇಳುವ ಒಬ್ಬರು ಜೊತೆಗಿರಲಿ, ಅವತ್ತಿನ ಗುಳಿಗೆ, ಬುತ್ತಿ, ನೀರು ಕೈಯಲ್ಲಿರಲಿ. ಇದಕ್ಕಾಗಿ ಆರೋಗ್ಯ ಇಲಾಖೆಯನ್ನೂ ನಾನು ಕೇಳಿಕೊಳ್ಳುವುದಿದೆ. ಮಾನಸಿಕ ಕಾಯಿಲೆಯವರ ಪರೀಕ್ಷೆಯನ್ನು ತಾಲೂಕು ಕೇಂದ್ರಗಳಲ್ಲೇ ಶಿಬಿರ ಮಾಡಿ ನಡೆಸಬೇಕು. ಡಾಕ್ಟರು ಮಂಗಳವಾರ ಹೇಗೂ ತಾಲೂಕಿಗೆ ಬರುತ್ತಾರೆ. ಮಂಡಳಿಯೂ ವರ್ಷಕ್ಕೆ ಕೆಲವು ದಿನ ಬಂದರೆ ಎಷ್ಟು ತಾಯಂದಿರ ಕೂಲಿ ಉಳಿದೀತು.

ಪ್ರಮಾಣಪತ್ರದ ಜೊತೆ ಒಂದು ಕಾರ್ಡ್ ಬರುತ್ತದೆ. 2024ರ ತಿದ್ದುಪಡಿ ನಿಯಮಗಳ ಪ್ರಕಾರ ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ನಡುವೆ ಹಳದಿ, 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೀಲಿ. ಕಾರ್ಡ್ ಬಂದ ಕೂಡಲೇ ಪಗಾರ ಬರುತ್ತದೆ ಎಂದು ಕಾಯುತ್ತ ಕೂತವರನ್ನು ನೋಡಿದ್ದೇನೆ. ಹಾಗಾಗುವುದಿಲ್ಲ. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಬೇರೆ ಅರ್ಜಿ, ಆದಾಯದ ಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಇಲ್ಲವೆ ಅಂಚೆ ಖಾತೆ. ಗ್ರಾಮ ಆಡಳಿತಾಧಿಕಾರಿಯ ವಿಚಾರಣೆ ಆಗಿ ತಹಶೀಲ್ದಾರರ ಮಂಜೂರಾತಿ.

ಸಿಗುವುದು ಎಷ್ಟು? 2021ರಲ್ಲಿ ಏರಿಸಿದ ದರದ ಪ್ರಕಾರ ಶೇಕಡಾ 40ರಿಂದ 75ರ ಒಳಗಿದ್ದರೆ ತಿಂಗಳಿಗೆ 800 ರೂಪಾಯಿ, ಅದಕ್ಕೆ ಮೇಲ್ಪಟ್ಟು 1400. ಐಡಿಯಾಸ್ ಅಳತೆಯಲ್ಲಿ 7ರಿಂದ 13 ಅಂಕ ಬಂದವರು ಶೇಕಡಾ 70ರ ಒಳಗೇ ಉಳಿಯುತ್ತಾರೆ, ಹಾಗಾಗಿ ಅವರೆಲ್ಲರಿಗೂ 800. 2025-26ರಲ್ಲಿ ನಮ್ಮ ರಾಜ್ಯಕ್ಕೆ ಗೊತ್ತುಮಾಡಿದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ತಿಂಗಳ ಪಗಾರ ಎಂಬುದು ಎರಡು ದಿನದ ಕೂಲಿಗಿಂತ ತುಸು ಹೆಚ್ಚು, ಅಷ್ಟೆ. ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿ ಯೋಜನೆಯ ಪಾಲು ಇನ್ನೂ 300 ರೂಪಾಯಿಯಲ್ಲೇ ನಿಂತಿದೆ, ಅದೂ ಅಂಗವಿಕಲತೆ ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚಿರುವ ಬಡವರಿಗೆ. 2016ರ ಕಾಯ್ದೆಯ 24ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ: ಅಂಗವಿಕಲರಿಗೆ ಕೊಡುವ ನೆರವು ಬೇರೆಯವರಿಗೆ ಇರುವ ಅಂಥದೇ ಯೋಜನೆಗಿಂತ ಕನಿಷ್ಠ ಶೇಕಡಾ 25ರಷ್ಟು ಹೆಚ್ಚಿರಬೇಕು. ಅದೇ 2021ರ ದರದಲ್ಲಿ ವಿಧವಾ ವೇತನವೂ 800 ರೂಪಾಯಿ, ವೃದ್ಧರ ಸಂಧ್ಯಾ ಸುರಕ್ಷಾ 1200. ವಿಧವಾ ವೇತನಕ್ಕೆ ಹೋಲಿಸಿದರೂ ಅಂಗವಿಕಲರಿಗೆ 1000 ಬರಬೇಕಿತ್ತು. ಇದು ದಾನದ ಮಾತಲ್ಲ, ಸಂಸತ್ತು ಬರೆದ ಕಾಯ್ದೆಯ ಮಾತು. ನಮ್ಮ ಶಾಸಕರ ಮುಂದೆ ಯಾರಾದರೂ ಇದನ್ನು ಎತ್ತಬೇಕು, ಎತ್ತಿದರೆ ನನಗೆ ಬಹಳ ಸಂತೋಷ.

ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟು ಓಡಾಟವೇ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೂ ಆ 800 ರೂಪಾಯಿ ತನ್ನ ಹೆಸರಿನ ಖಾತೆಗೆ ಬರತೊಡಗಿದ ಮೇಲೆ, ಮನೆಯಲ್ಲಿ ದಂಡಪಿಂಡ ಎನಿಸಿಕೊಂಡವರಿಗೆ ತಾಟಿನ ಮುಂದೆ ಸಿಗುವ ಜಾಗವೇ ಬೇರೆಯಾಗುವುದನ್ನು ಕಂಡಿದ್ದೇನೆ. ಭಾಲ್ಕಿಯ ಒಬ್ಬ ಅಕ್ಕ ಮೊದಲ ಪಗಾರದಲ್ಲಿ ಅಣ್ಣನ ಮಗಳಿಗೆ ಬಳೆ ಕೊಡಿಸಿದಳು. ತವರುಮನೆಗೆ ವಾಪಸು ಬಂದ ಮೇಲೆ ಆಕೆ ಯಾರಿಗಾದರೂ ಏನಾದರೂ ಕೊಡಿಸಿದ್ದು ಅದೇ ಮೊದಲು ಎಂದು ಅತ್ತಿಗೆಯೇ ನನಗೆ ಹೇಳಿದಳು. ಕಾರ್ಡಿನಿಂದ ಬಸ್ಸಿನ ರಿಯಾಯಿತಿ ಪಾಸಿಗೆ ಅರ್ಜಿ ಹಾಕಬಹುದು. ಓದಿದವರಿಗೆ ಸರ್ಕಾರಿ ನೌಕರಿಯ ಅಂಗವಿಕಲರ ಮೀಸಲಾತಿಯಲ್ಲಿ, ಬೌದ್ಧಿಕ ಅಂಗವಿಕಲತೆ, ಆಟಿಸಂ, ಕಲಿಕಾ ತೊಂದರೆ ಇವುಗಳ ಜೊತೆಯ ಶೇಕಡಾ 1ರ ಗುಂಪಿನಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ನೌಕರಿಯಲ್ಲಿದ್ದಾಗಲೇ ಕಾಯಿಲೆ ಬಂದವರು ಒಂದು ತೀರ್ಪನ್ನು ನೆನಪಿಡಬೇಕು. ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿ ರವೀಂದರ್ ಕುಮಾರ್ ಧಾರಿವಾಲ್ ಅವರ ಪ್ರಕರಣದಲ್ಲಿ 2021ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಮಾನಸಿಕ ಕಾಯಿಲೆಯ ಪರಿಣಾಮವಾದ ನಡತೆಗಾಗಿ ನೌಕರನ ಮೇಲೆ ಶಿಸ್ತು ಕ್ರಮ ನಡೆಸುವುದು ತಾರತಮ್ಯವಾಗುತ್ತದೆ ಎಂದು ಹೇಳಿತು.

ಈ ಅಂಗವಿಕಲತೆಯಲ್ಲಿ ಇನ್ನೊಂದು ವಿಶೇಷ ತೊಡಕಿದೆ. ಹೋದ ಕಾಲು ಮತ್ತೆ ಬರುವುದಿಲ್ಲ, ಹಾಗಾಗಿ ಆ ಪ್ರಮಾಣಪತ್ರ ಶಾಶ್ವತ. ಮನಸ್ಸಿನ ಕಾಯಿಲೆ ಚಿಕಿತ್ಸೆಯಿಂದ ಹತೋಟಿಗೆ ಬರುತ್ತದೆ, ಮತ್ತೆ ಮರಳುತ್ತದೆ. ಆದ್ದರಿಂದ ಬಹಳ ಜನರಿಗೆ ಅವಧಿ ನಮೂದಿಸಿದ ತಾತ್ಕಾಲಿಕ ಪತ್ರ ಕೊಡುತ್ತಾರೆ. ವೈದ್ಯರ ದೃಷ್ಟಿಯಿಂದ ಅದು ಸರಿ. ಆದರೆ ಆ ತಾರೀಖು ದಾಟಿದರೆ ಪಗಾರ ನಿಲ್ಲುತ್ತದೆ, ಮನೆಯವರಿಗೆ ಗೊತ್ತಾಗುವುದು ಮೂರು ತಿಂಗಳು ದುಡ್ಡು ಬಾರದಿದ್ದಾಗ. ಪತ್ರದ ಮೇಲಿನ ಅವಧಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮುಗಿಯುವ ಮೂರು ನಾಲ್ಕು ತಿಂಗಳ ಮೊದಲೇ ಮತ್ತೆ ಅರ್ಜಿ ಹಾಕಿ. ಇದರ ಹಿಂದೆಯೇ ಒಂದು ಹೆದರಿಕೆಯೂ ಹುಟ್ಟುತ್ತದೆ: "ಗುಳಿಗಿ ನುಂಗಿ ಆರಾಮಾದ್ರ ಪಗಾರ ಬಂದ್ ಆಗ್ತದೇನ್ರಿ?" ಒಬ್ಬ ತಂದೆ ಪರೀಕ್ಷೆಯ ಮುಂಚಿನ ವಾರ ಮಗನಿಗೆ ಗುಳಿಗೆ ನಿಲ್ಲಿಸಿಬಿಟ್ಟಿದ್ದರು, ಡಾಕ್ಟರಿಗೆ ಕಾಯಿಲೆ ಸರಿಯಾಗಿ ಕಾಣಲಿ ಎಂದು. ಹುಡುಗ ಮತ್ತೆ ಹದಕ್ಕೆ ಬರಲು ತಿಂಗಳುಗಳೇ ಹಿಡಿದವು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಗುಳಿಗೆಯಿಂದ ದನಿಗಳು ನಿಂತರೂ, ಕೆಲಸಕ್ಕೆ ಏಳುವ ಮನಸ್ಸು, ನಾಲ್ಕು ಜನರ ಜೊತೆ ಬೆರೆಯುವ ಧೈರ್ಯ ಅಷ್ಟು ಬೇಗ ಬರುವುದಿಲ್ಲ. ಐಡಿಯಾಸ್ ಅಳೆಯುವುದು ಇವುಗಳನ್ನೇ. ಗುಳಿಗೆ ನುಂಗುತ್ತಲೇ ಸತ್ಯ ಹೇಳಿದರೆ ಸಾಕು. ನಿಜವಾಗಿಯೂ ಗುಣವಾಗಿ ದುಡಿಯತೊಡಗಿ, ಅದರಿಂದ ಪಗಾರ ನಿಂತರೆ, ಕಾಯಿಲೆ ಮರಳಿದಾಗ ಮತ್ತೆ ಅರ್ಜಿ ಹಾಕುವ ದಾರಿ ತೆರೆದೇ ಇರುತ್ತದೆ.

ಅರ್ಜಿ ತಿರಸ್ಕಾರವಾದರೆ, ಅಥವಾ ಶೇಕಡಾವಾರು ಕಡಿಮೆ ಹಾಕಿದ್ದಾರೆ ಎನಿಸಿದರೆ ಸುಮ್ಮನೆ ಮನೆಗೆ ಬರಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. 90 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಹೇಗೆಂದು ತಿಳಿಯದಿದ್ದರೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳನ್ನು ಕಾಣಿ, ಇಲ್ಲವೆ ಬೀದರದ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆಯವರಿಗೆ, ಅಂಗವಿಕಲರಿಗೆ ವಕೀಲರ ನೆರವು ಉಚಿತ. ಫೋನಿನಲ್ಲಿ ಕೇಳುವುದಾದರೆ 15100.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮನೆಯಿರುವವರ ಮಾತು. ಬೀದರ ಬಸ್ ನಿಲ್ದಾಣದಲ್ಲಿ, ಭಾಲ್ಕಿಯ ರೈಲು ನಿಲ್ದಾಣದಲ್ಲಿ, ಮೈಲಾರದ ಜಾತ್ರೆ ಮುಗಿದ ಮೇಲೆ ಅಲ್ಲೇ ಉಳಿದುಹೋಗುವ ಕೆಲವರು ಇರುತ್ತಾರೆ. ಅವರ ಬಚ್ಚಲ ಕಥೆ ಹೇಳುವ ತಾಯಿಯಿಲ್ಲ, ಆಧಾರ್ ಇಲ್ಲ, ಹೆಸರು ಕೇಳಿದರೆ ಕೆಲವರು ಹೇಳುವುದೂ ಇಲ್ಲ. ಅವರಿಗೆ ನಾವು ಚಹಾ ಕೊಡುತ್ತೇವೆ, ರೊಟ್ಟಿ ಕೊಡುತ್ತೇವೆ, ಅದು ಒಳ್ಳೆಯದೇ. ಅಷ್ಟಕ್ಕೇ ನಿಲ್ಲಬಾರದು. ಹೀಗೆ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸಾರ್ವಜನಿಕ ಆರೋಗ್ಯ ಸಂಸ್ಥೆಗೆ ಕರೆದೊಯ್ದು ತೋರಿಸುವುದು ಠಾಣಾಧಿಕಾರಿಯ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮು ಹೇಳುತ್ತದೆ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ನಿಮ್ಮೂರಲ್ಲಿ ಅಂಥವರು ಕಂಡರೆ 112ಕ್ಕೆ ಫೋನ್ ಮಾಡಿ ಈ ಕಲಮನ್ನು ಹೇಳಿ. ಚಿಕಿತ್ಸೆ ಶುರುವಾಗಿ ನಾಲ್ಕು ವಾರ ಕಳೆದ ಮೇಲೆ ಎಷ್ಟೋ ಜನ ತಮ್ಮ ಊರಿನ ಹೆಸರು ತಾವೇ ಹೇಳಿದ್ದಾರೆ.